ಮನ್ರೋ ಸಾಹೇಬರೂ ಹಳ್ಳಿಯ ಶಾಲೆಗಳೂ

ನಮ್ಮ ಬಳ್ಳಾರಿ ಸೀಮೆಯಲ್ಲಿ ಮನ್ರೋ ಸಾಹೇಬರ ಹೆಸರನ್ನು ಕೇಳದವರು ಕಡಿಮೆ. ಹೊಲದ ಕಂದಾಯವನ್ನು ಉಳುವ ರೈತನ ಹೆಸರಿಗೇ ಗೊತ್ತುಮಾಡಿ, ನಡುವೆ ನಿಂತಿದ್ದ ಪಾಳೆಯಗಾರನ ಕೈಯನ್ನು ತಪ್ಪಿಸಿದವರು ಇವರೇ ಎಂದು ಮುದುಕರು ಹೇಳುವದುಂಟು. ದತ್ತಮಂಡಲದ ಊರುಗಳಲ್ಲಿ ಒಂದು ಕಾಲಕ್ಕೆ ಗಂಡುಮಕ್ಕಳಿಗೆ ಮನ್ರೋಲಪ್ಪನೆಂದು ಹೆಸರಿಡುತ್ತಿದ್ದರು. ಆದರೆ ಇದೇ ಸಾಹೇಬರು ಹಳ್ಳಿಯ ಶಾಲೆಗಳನ್ನು ಕುರಿತು ಎಷ್ಟು ವಿಚಾರ ಮಾಡಿದರೆಂಬದೂ, ಮಕ್ಕಳಿಗೆ ಪಾಠ ಹೇಳುವ ಬಡ ಅಯ್ಯನ ಸಂಪಾದನೆಯನ್ನು ರೂಪಾಯಿ ಆಣೆಗಳಲ್ಲಿ ಲೆಕ್ಕಹಾಕಿ ನೋಡಿದರೆಂಬದೂ ಬಹು ಜನರಿಗೆ ತಿಳಿಯದು. ಅವರ ಚರಿತ್ರೆಯಲ್ಲಿ ಈ ಭಾಗವನ್ನೇ ಮುಖ್ಯವಾಗಿಟ್ಟುಕೊಂಡು ಈ ತಿಂಗಳು ಬರೆಯುವದಕ್ಕೆ ಮನಸ್ಸು ಮಾಡಿದ್ದೇವೆ.

ಇದಕ್ಕೆ ಒಂದು ಕಾರಣವುಂಟು. ನಾವು ಸಂಡೂರಿನ ಬೆಟ್ಟಗಳ ಸೀಮೆಯಾದ ಯಶವಂತನಗರದಲ್ಲಿ ಇದ್ದುಕೊಂಡು ಸುತ್ತಲಿನ ಸಭೆಗಳನ್ನು ನೋಡುತ್ತಿರುವವರು. ಕಳೆದ ಮಳೆಗಾಲದಲ್ಲಿ ಒಂದು ಸಭೆಯವರ ಮನೆಗೆ ಹೋಗಿದ್ದೆವು. ಆ ಮನೆಯ ಅಜ್ಜಿಗೆ ದೂರದಲ್ಲಿ ಕೂಲಿಗಿದ್ದ ಮಗನಿಂದ ಒಂದು ಕಾಗದ ಬಂದಿತ್ತು. ನಾಲ್ಕನೆಯ ತರಗತಿಯಲ್ಲಿ ಓದುತ್ತಿದ್ದ ಮೊಮ್ಮಗಳು ಅದನ್ನು ಒಂದಕ್ಷರವೂ ಬಿಡದೆ ಗಟ್ಟಿಯಾಗಿ ಓದಿದಳು. ನಮಗೆ ಸಂತೋಷವಾಯಿತು. ಓದಿ ಮುಗಿದ ಮೇಲೆ ಅಜ್ಜಿಯು, ಅಪ್ಪನು ಏನು ಬರೆದಿದ್ದಾನೆ, ಯಾವಾಗ ಬರುತ್ತಾನೆ ಎಂದು ಕೇಳಲಾಗಿ ಕೂಸು ಸುಮ್ಮನೆ ನಿಂತಿತು. ಅಕ್ಷರಗಳು ಬಾಯಿಗೆ ಬಂದಿದ್ದವೇ ಹೊರತು ಮಾತು ಮನಸ್ಸಿಗೆ ಇಳಿದಿರಲಿಲ್ಲ. ಅದೇ ಕೂಸು ಭಾನುವಾರದ ಶಾಲೆಯಲ್ಲಿ ಪ್ರಶ್ನೋತ್ತರವನ್ನೆಲ್ಲ ತಪ್ಪಿಲ್ಲದೆ ಒಪ್ಪಿಸಿ ಬಹುಮಾನ ಪಡೆದಿದ್ದಳು. ಹಾಗೆ ಬಾಯಿಪಾಠ ಮಾಡಿಸಿದವರೂ, ಬಹುಮಾನ ಕೊಟ್ಟವರೂ ನಾವೇ. ಆ ರಾತ್ರಿ ಮನೆಗೆ ಬರುವ ದಾರಿಯಲ್ಲಿ ನಮಗೆ ನಾಚಿಕೆಯಾಯಿತು. ಇಂಥದನ್ನೇ ನೂರು ತೊಂಬತ್ತು ವರುಷಗಳಿಗಿಂತಲೂ ಹಿಂದೆ ನಮ್ಮ ಜಿಲ್ಲೆಯಲ್ಲೇ ಒಬ್ಬರು ಕಂಡು ಬರೆದಿಟ್ಟಿದ್ದಾರೆಂದು ಆಗ ನೆನಪಾಯಿತು. ಅವರು ಹಾಗೆ ಬರೆಯುವದಕ್ಕೆ ಕಾರಣರಾದವರು ಮನ್ರೋ ಸಾಹೇಬರು.

ಥಾಮಸ್ ಮನ್ರೋ ಎಂಬವರು ಸ್ಕಾಟ್ಲೆಂಡ್ ದೇಶದ ಗ್ಲಾಸ್ಗೋ ಪಟ್ಟಣದಲ್ಲಿ ೧೭೬೧ನೇ ಇಸವಿ ಮೇ ತಿಂಗಳ ೨೭ನೇ ತಾರೀಖಿನಲ್ಲಿ ಹುಟ್ಟಿದರು. ತಂದೆಯು ಅಮೇರಿಕದ ಸಂಗಡ ವ್ಯಾಪಾರ ಮಾಡುವ ವರ್ತಕನು. ಚಿಕ್ಕಂದಿನಲ್ಲಿ ದಡಾರ ಬಂದುದರಿಂದ ಹುಡುಗನ ಕಿವಿ ಸ್ವಲ್ಪ ಮಂದವಾಯಿತು. ಈ ಕೊರತೆಯು ಸಾಯುವ ವರೆಗೂ ಇತ್ತು. ಶಾಲೆಯಲ್ಲಿಯೂ ಗ್ಲಾಸ್ಗೋ ವಿಶ್ವವಿದ್ಯಾಲಯದಲ್ಲಿಯೂ ಕಲಿತರು. ಗಣಿತವೆಂದರೆ ಅವರಿಗೆ ಬಹಳ ಪ್ರೀತಿ. ಒಂದು ಸ್ಪೇನ್ ದೇಶದ ಕಥೆಯನ್ನು ಮೂಲದಲ್ಲಿಯೇ ಓದಬೇಕೆಂಬ ಆಶೆಯಿಂದ ಆ ಭಾಷೆಯನ್ನು ಕಲಿತುಕೊಂಡರು. ವಾಚಕರು ಇದನ್ನು ಗಮನಿಸಬೇಕು. ಓದುವದೆಂದರೆ ಅರ್ಥವನ್ನು ಹಿಡಿಯುವದೆಂದು ಅವರು ಹುಡುಗತನದಲ್ಲಿಯೇ ತಿಳಿದಿದ್ದರು.

ಅಮೇರಿಕದ ವಸಾಹತುಗಳವರು ಇಂಗ್ಲೆಂಡಿನ ಮೇಲೆ ಯುದ್ಧಕ್ಕೆ ಎದ್ದಾಗ ತಂದೆಯ ವ್ಯಾಪಾರವು ಕೆಟ್ಟುಹೋಯಿತು. ಮಗನು ಈಸ್ಟ್ ಇಂಡಿಯಾ ಕಂಪನಿಯ ಸೈನ್ಯದಲ್ಲಿ ಕೆಳಗಿನ ಸ್ಥಾನವನ್ನು ಹಿಡಿದು ೧೭೮೦ನೇ ಇಸವಿ ಜನವರಿಯಲ್ಲಿ ಮದರಾಸಿಗೆ ಬಂದನು. ಆಗ ವಯಸ್ಸು ಹದಿನೆಂಟು. ಹೈದರಾಲಿಯ ಸಂಗಡಲೂ ಟಿಪ್ಪುವಿನ ಸಂಗಡಲೂ ನಡೆದ ಯುದ್ಧಗಳಲ್ಲಿ ಇದ್ದು, ಬಿಡುವಾದಾಗ ಹಿಂದೂಸ್ತಾನಿ ಪಾರ್ಸಿ ಭಾಷೆಗಳನ್ನು ಕಲಿತರು. ೧೭೯೨ರ ತರುವಾಯ ಬಾರಾಮಹಲಿನಲ್ಲಿಯೂ, ೧೭೯೯ರಲ್ಲಿ ಶ್ರೀರಂಗಪಟ್ಟಣವು ಬಿದ್ದ ಮೇಲೆ ಕನ್ನಡ ಜಿಲ್ಲೆಯಲ್ಲಿಯೂ ಕಂದಾಯದ ಕೆಲಸವನ್ನು ನಡಿಸಿದರು.

೧೮೦೦ರಲ್ಲಿ ಹೈದರಾಬಾದಿನ ನಿಜಾಮನು ಬಳ್ಳಾರಿ, ಅನಂತಪುರ, ಕಡಪೆ ಮೊದಲಾದ ಸೀಮೆಗಳನ್ನು ಕಂಪನಿಗೆ ಬಿಟ್ಟುಕೊಟ್ಟನು. ಇದೇ ದತ್ತಮಂಡಲ. ಮನ್ರೋ ಸಾಹೇಬರು ಅದಕ್ಕೆ ಮುಖ್ಯ ಕಲೆಕ್ಟರರಾಗಿ ಬಂದು ೧೮೦೭ರ ವರೆಗೆ ಇದ್ದರು. ಎಂಬತ್ತರಷ್ಟು ಪಾಳೆಯಗಾರರು ತಮ್ಮ ತಮ್ಮ ಕೋಟೆಗಳಲ್ಲಿ ಕುಳಿತು ಊರುಗಳನ್ನು ಸುಲಿಯುತ್ತಿದ್ದ ಕಾಲವದು. ಸಾಹೇಬರು ಬಂಗಲೆಯಲ್ಲಿ ಕುಳಿತವರಲ್ಲ. ಗುಡಾರವನ್ನು ಹೊರಿಸಿಕೊಂಡು ಊರಿಂದೂರಿಗೆ ಹೋಗಿ, ಚಾವಡಿಯಲ್ಲಿಯೋ ಮರದ ಕೆಳಗೋ ಕುಳಿತು, ಶಾನುಭೋಗ ಗೌಡರುಗಳ ಲೆಕ್ಕವನ್ನೂ ರೈತರ ದೂರನ್ನೂ ಎದುರೆದುರಿಗೆ ಕೇಳುವರು. ೧೮೦೨ರಿಂದ ಹೊಲಗಳ ಅಳತೆಯನ್ನು ಮಾಡಿಸಿದರು. ಮೊದಲು ಎಣಿಸು, ಅಳೆ, ಆಮೇಲೆ ಆಜ್ಞೆ ಮಾಡು ಎಂಬ ಅಭ್ಯಾಸವು ಹೀಗೆ ಅವರಿಗೆ ಬೆಳೆಯಿತು. ಶಾಲೆಗಳ ವಿಷಯದಲ್ಲಿಯೂ ಅವರು ನಡೆದದ್ದು ಇದೇ ದಾರಿಯಲ್ಲಿ.

ಸಂಡೂರಿಗೂ ಅವರಿಗೂ ಇರುವ ಸಂಬಂಧವನ್ನು ಇಲ್ಲಿಯೇ ಹೇಳಿಬಿಡುವೆವು. ಅವರು ಸ್ವದೇಶಕ್ಕೆ ಹೋಗಿ, ಮದುವೆಯಾಗಿ, ೧೮೧೪ರಲ್ಲಿ ತಿರಿಗಿ ಬಂದಿದ್ದರು. ಸಂಡೂರಿನ ಘೋರ್ಪಡೆ ಮನೆತನದ ಶಿವರಾಯರ ಮೇಲೆ ಪೂನಾದ ಪೇಶ್ವೆಗೆ ಕಣ್ಣಿತ್ತು. ಪೇಶ್ವೆಯ ಪರವಾಗಿ ಸಂಡೂರನ್ನು ವಶಪಡಿಸಿಕೊಡಬೇಕೆಂದು ಕಂಪನಿಯವರಿಂದ ಅಪ್ಪಣೆಯಾಗಲು, ೧೮೧೭ರಲ್ಲಿ ಮನ್ರೋ ಸಾಹೇಬರು ದಂಡಿನೊಡನೆ ಈ ಕಣಿವೆಗೆ ಬಂದರು. ಶಿವರಾಯರು ಯುದ್ಧ ಮಾಡದೆ ಕೋಟೆಯನ್ನು ಒಪ್ಪಿಸಿದರು. ಆದರೆ ಸ್ವಲ್ಪದಿನಕ್ಕೆ ಪೇಶ್ವೆಯೇ ಕಂಪನಿಯ ಮೇಲೆ ತಿರುಗಿಬಿದ್ದು ರಾಜ್ಯವನ್ನು ಕಳಕೊಂಡನು. ಆಗ ಮನ್ರೋ ಸಾಹೇಬರ ಶಿಫಾರಸಿನ ಮೇಲೆ ೧೮೧೮ರಲ್ಲಿ ಸಂಡೂರು ಶಿವರಾಯರಿಗೆ ಮರಳಿ ಬಂತು. ಬೇರೊಬ್ಬನ ಮಾತಿನ ಮೇಲೆ ಕಸಕೊಂಡದ್ದನ್ನು ಹಿಂದಕ್ಕೆ ಕೊಡಿಸುವದು ಗೆದ್ದ ಸರದಾರರಲ್ಲಿ ಎಲ್ಲರೂ ಮಾಡುವ ಕೆಲಸವಲ್ಲ.

೧೮೨೦ನೇ ಇಸವಿ ಜೂನಿನಲ್ಲಿ ಅವರು ಮದರಾಸಿನ ಗವರ್ನರರಾದರು. ಎರಡು ವರುಷಗಳಾದ ಮೇಲೆ, ೧೮೨೨ನೇ ಇಸವಿ ಜೂನ್ ೨೫ರಲ್ಲಿ, ತಮ್ಮ ಕೌನ್ಸಿಲಿನ ಮುಂದೆ ಒಂದು ಟಿಪ್ಪಣಿಯನ್ನಿಟ್ಟರು. ಅದರ ಸಾರವು ಹೀಗಿತ್ತು: ನಾವು ನೆಲದ ನಕ್ಷೆಗಳನ್ನು ಮಾಡಿಸಿದ್ದೇವೆ, ಬೆಳೆಯ ಲೆಕ್ಕವನ್ನು ತೆಗೆದಿದ್ದೇವೆ, ಜನಸಂಖ್ಯೆಯನ್ನು ತಿಳಿಯುವದಕ್ಕೂ ಪ್ರಯತ್ನಿಸಿದ್ದೇವೆ, ಜನರ ವಿದ್ಯೆಯ ಸ್ಥಿತಿ ಏನೆಂಬದನ್ನು ಮಾತ್ರ ಯಾರೂ ವಿಚಾರಿಸಲಿಲ್ಲ. ಆದಕಾರಣ ಪ್ರತಿ ಜಿಲ್ಲೆಯ ಕಲೆಕ್ಟರನು ತನ್ನ ಸೀಮೆಯಲ್ಲಿ ಓದು ಬರಹ ಕಲಿಸುವ ಶಾಲೆಗಳೆಷ್ಟು, ಮಕ್ಕಳೆಷ್ಟು, ಯಾವ ಜಾತಿಯವರು, ಯಾವ ಪುಸ್ತಕಗಳನ್ನು ಓದುತ್ತಾರೆ, ಎಷ್ಟು ಕಾಲ ಶಾಲೆಯಲ್ಲಿರುತ್ತಾರೆ, ಅಯ್ಯನಿಗೆ ಏನು ಕೊಡುತ್ತಾರೆ ಎಂಬದನ್ನೆಲ್ಲ ಬರೆದು ಕಳುಹಿಸಬೇಕೆಂದು ಗೊತ್ತಾಯಿತು. ಊರವರು ತಾವಾಗಿ ನಡಿಸುವ ಶಾಲೆಗಳಲ್ಲಿ ಸರಕಾರದವರು ಕೈಹಾಕಿ ಗೊಂದಲ ಮಾಡಬಾರದೆಂದೂ, ಅವರ ಕ್ರಮವನ್ನು ಅವರಿಗೇ ಬಿಡಬೇಕೆಂದೂ, ಯಾವ ಶಾಲೆಗಾದರೂ ಇದ್ದ ಮಾನ್ಯವು ತಪ್ಪಿಹೋಗಿದ್ದರೆ ಅದನ್ನು ತಿರಿಗಿ ಕೊಡಿಸಬೇಕೆಂದೂ ಅವರ ಅಭಿಪ್ರಾಯವಾಗಿತ್ತು.

ಬಳ್ಳಾರಿಯಲ್ಲಿ ಆಗ ಕಲೆಕ್ಟರರಾಗಿದ್ದವರು ಎ. ಡಿ. ಕ್ಯಾಂಬೆಲ್ ಸಾಹೇಬರು. ಇವರು ತೆಲುಗು ವ್ಯಾಕರಣವೊಂದನ್ನು ಬರೆದ ವಿದ್ವಾಂಸರು. ೧೮೨೩ನೇ ಇಸವಿ ಆಗಸ್ಟ್ ೧೭ರಲ್ಲಿ ಇವರು ಕಳುಹಿಸಿದ ವರದಿಯು ಎಲ್ಲಾ ಕಲೆಕ್ಟರರ ವರದಿಗಳಲ್ಲಿ ಬಹಳ ಹೆಸರಾದದ್ದು. ನಮ್ಮ ಅಜ್ಜಂದಿರ ಅಜ್ಜಂದಿರು ಕಂಡ ಶಾಲೆಯು ಹೇಗಿತ್ತೆಂದು ತಿಳಿಯಬೇಕಾದರೆ ಅದನ್ನೇ ನೋಡಬೇಕು. ಸಂಡೂರು ಬೇರೆ ಸಂಸ್ಥಾನವಾಗಿ ಕಲೆಕ್ಟರರ ಅಧಿಕಾರಕ್ಕೆ ಹೊರಗಿತ್ತು. ಹೊಸಪೇಟೆ ಕಂಪ್ಲಿಗಳ ಕಡೆಯು ಆಗ ಬಳ್ಳಾರಿ ಜಿಲ್ಲೆಗೆ ಸೇರಿತ್ತು.

ಆ ಲೆಕ್ಕದ ಪ್ರಕಾರ ೯,೨೭,೮೫೭ ಜನರಿದ್ದ ಜಿಲ್ಲೆಯಲ್ಲಿ ೫೩೩ ಶಾಲೆಗಳಿದ್ದವು. ಅವುಗಳಲ್ಲಿ ಕನ್ನಡದವು ೨೩೫, ತೆಲುಗಿನವು ೨೨೬, ಮರಾಠಿಯವು ೨೩, ಪಾರ್ಸಿಯವು ೨೧, ತಮಿಳಿನವು ೪, ಇಂಗ್ಲಿಷಿನದು ಒಂದೇ. ಸಂಸ್ಕೃತದ ಪಾಠಸ್ಥಾನಗಳು ೨೩. ಕಲಿಯುವ ಮಕ್ಕಳು ೬,೬೪೧. ಒಂದೊಂದು ಶಾಲೆಗೆ ಹನ್ನೆರಡು ಮಂದಿಯಂತೆ ಆಯಿತು. ಜನಸಂಖ್ಯೆಯೊಡನೆ ಹೋಲಿಸಿದರೆ ಸಾವಿರಕ್ಕೆ ಏಳು ಮಂದಿ.

ಈ ಮಕ್ಕಳು ಯಾರಾರ ಮಕ್ಕಳು? ಬ್ರಾಹ್ಮಣರ ಹುಡುಗರು ೧,೧೮೫, ವೈಶ್ಯರು ೯೮೧, ಶೂದ್ರರು ೨,೯೯೮, ಇತರ ಜಾತಿಯವರೆಲ್ಲ ಸೇರಿ ೧,೧೭೪, ಮುಸಲ್ಮಾನರು ೨೪೩. ಹೆಣ್ಣುಮಕ್ಕಳು ಇಡೀ ಜಿಲ್ಲೆಯಲ್ಲಿ ೬೦. ವಾಚಕರೇ, ನಮ್ಮ ಸಭೆಗಳವರಲ್ಲಿ ಬಹುಮಂದಿಯ ಹಿರಿಯರು ಊರ ಹೊರಗಿನ ಕೇರಿಗಳಲ್ಲಿದ್ದವರು. ಅವರ ಮಕ್ಕಳು ಈ ಪಟ್ಟಿಯಲ್ಲಿ ಇದ್ದರೆ ಇತರ ಜಾತಿಯೆಂಬ ಆ ಒಂದು ಕಲಮಿನೊಳಗೆ ಇರಬೇಕು. ಅದರೊಳಗೆ ಯಾರು ಯಾರೆಂದು ಪಟ್ಟಿಯಲ್ಲಿ ಬಿಡಿಸಿ ಹೇಳಿಲ್ಲ. ಅಯ್ಯನ ಜಗಲಿಯ ಮೇಲೆ ಕೇರಿಯ ಮಗುವನ್ನು ಕೂಡಿಸಿಕೊಳ್ಳದಿದ್ದ ಕಾಲವದು. ಅರುವತ್ತು ಹೆಣ್ಣುಮಕ್ಕಳನ್ನು ೫೩೩ ಶಾಲೆಗಳಿಗೆ ಹಂಚಿ ನೋಡಿರಿ, ಸುಮಾರು ಒಂಬತ್ತು ಶಾಲೆಗೆ ಒಬ್ಬಳಂತೆ ಮಾತ್ರ ಬರುವಳು. ಮನ್ರೋ ಸಾಹೇಬರು ಈ ಅಂಕೆಗಳನ್ನು ಕಂಡರು. ಆದರೆ ಈ ಕೊರತೆಗೆ ಬೇಕಾದ ಔಷಧವು ಅವರ ಮುಂದಿನ ಯೋಜನೆಯಲ್ಲಿ ಇರಲಿಲ್ಲ. ಅವರಲ್ಲಿ ನಮಗೆ ಎಷ್ಟೇ ಗೌರವವಿದ್ದರೂ ಇದನ್ನು ಮರೆಮಾಡುವದು ಸರಿಯಲ್ಲ.

ಇನ್ನು ಪಾಠದ ಕ್ರಮ. ಮಗುವಿಗೆ ಐದು ವರುಷವಾದಾಗ ಅಯ್ಯನನ್ನೂ ಶಾಲೆಯ ಹುಡುಗರನ್ನೂ ಮನೆಗೆ ಕರೆದು, ಹರಡಿದ ಅಕ್ಕಿಯ ಮೇಲೆ ಮಗುವಿನ ಬೆರಳು ಹಿಡಿದು ಬರೆಯಿಸುವರು. ಮಾರನೆಯ ದಿನದಿಂದ ಶಾಲೆ. ಬೆಳಿಗ್ಗೆ ಆರು ಗಂಟೆಗೆ ಮಕ್ಕಳು ಕೂಡಬೇಕು. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿ ಎಂದು ಬರೆಯುವರು, ಎರಡನೆಯವನ ಕೈಯಲ್ಲಿ ಸೊನ್ನೆ, ಮೂರನೆಯವನಿಗೆ ಬೆತ್ತದ ಮೆಲ್ಲನೆಯ ಒಂದು ಏಟು, ನಾಲ್ಕನೆಯವನಿಗೆ ಎರಡು. ಹೀಗೆ ತಡವಾದಷ್ಟೂ ಏಟು ಹೆಚ್ಚುವದು. ಸೋಮಾರಿಗಳಿಗೆ ಇನ್ನೂ ಕಠಿಣವಾದ ಶಿಕ್ಷೆಗಳಿದ್ದವು. ಬಸ್ಕಿ ಹೊಡಿಸುವದು ಒಂದು; ಎರಡೂ ಕೈಗಳನ್ನು ಕಟ್ಟಿ ಸೂರಿನ ಗಾಲಿಗೆ ತೂಗಹಾಕುವದು ಇನ್ನೊಂದು. ಹಳೆಯ ಕಾಲದ ಕೂಲಿಮಠವನ್ನು ಹೊಗಳುವವರು ಇದನ್ನು ಸಾಮಾನ್ಯವಾಗಿ ಹೇಳುವದಿಲ್ಲ.

ಚಿಕ್ಕವರು ನೆಲದ ಮರಳಿನ ಮೇಲೆ ಬೆರಳಿನಿಂದ ತಿದ್ದುವರು. ಅಕ್ಷರವು ಕೂತ ಮೇಲೆ ಕಂಠದಿಂದ ಓಲೆಗರಿಯ ಮೇಲಾಗಲಿ, ಕಡತದ ಮೇಲಾಗಲಿ ಬರೆಯುವರು. ಕಡತವೆಂದರೆ ಬಟ್ಟೆಗೆ ಗಂಜಿಯನ್ನೂ ಇದ್ದಿಲನ್ನೂ ಬಳಿದು ಒಣಗಿಸಿ ಮಡಿಕೆ ಮಡಿಕೆಯಾಗಿ ಮಡಿಸಿದ ಹಲಗೆ. ಬಳಪದಿಂದ ಬರೆದು ಅಳಿಸಿ ಮತ್ತೆ ಬರೆಯಬಹುದು. ಇದಕ್ಕೆ ಖರ್ಚು ಬಹು ಸ್ವಲ್ಪ. ಇದಲ್ಲದೆ ಅಯ್ಯನು ಮುಂದಿನ ತರಗತಿಯ ಹುಡುಗರಿಗೆ ತಾನು ಪಾಠ ಹೇಳುವನು. ಆ ಹುಡುಗರು ತಮಗಿಂತ ಚಿಕ್ಕವರನ್ನು ಕೂಡಿಸಿಕೊಂಡು ಅವರಿಗೆ ಹೇಳುವರು. ಹೀಗೆ ಒಬ್ಬನೇ ಅಯ್ಯನು ನಾಲ್ಕು ತರಗತಿಗಳನ್ನು ನಡಿಸುವನು. ಮದರಾಸಿನ ಎಗ್ಮೋರಿನಲ್ಲಿ ಅನಾಥ ಹುಡುಗರ ಶಾಲೆಯನ್ನು ೧೭೮೯ರಿಂದ ನೋಡಿಕೊಂಡಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ಊರ ಮಕ್ಕಳು ಮರಳಿನ ಮೇಲೆ ಬರೆಯುವದನ್ನು ನೋಡಿ ಅದನ್ನು ತನ್ನ ಶಾಲೆಯಲ್ಲಿ ತಂದು, ಹುಡುಗರಿಂದಲೇ ಹುಡುಗರಿಗೆ ಪಾಠ ಹೇಳಿಸುವ ಕ್ರಮವನ್ನು ಬೆಳೆಸಿ, ೧೭೯೭ರಲ್ಲಿ ಲಂಡನಿನಲ್ಲಿ ಅದನ್ನು ಕುರಿತು ಪುಸ್ತಕ ಪ್ರಕಟಿಸಿದನು. ಅದು ಇಂಗ್ಲೆಂಡಿನ ಬಡಮಕ್ಕಳ ಶಾಲೆಗಳಲ್ಲೆಲ್ಲ ಹರಡಿತು. ನಮ್ಮ ಜಗಲಿಯ ವಿದ್ಯೆಯು ಹಡಗು ಹತ್ತಿ ಹೋದದ್ದು ಹೀಗೆ. ಈ ಕಾಲದಲ್ಲಿಯೂ, ೧೯೯೫ರಲ್ಲಿ ಹೆಗ್ಗಡದೇವನಕೋಟೆಯ ಸರಕಾರಿ ಶಾಲೆಗಳಲ್ಲಿ ಹುಟ್ಟಿದ ನಲಿ-ಕಲಿ ಪದ್ಧತಿಯೊಳಗೆ ಬೇರೆ ಬೇರೆ ವಯಸ್ಸಿನ ಮಕ್ಕಳು ಗುಂಪುಗೂಡಿ ಕುಳಿತು ಒಬ್ಬರಿಂದೊಬ್ಬರು ಕಲಿಯುವದನ್ನು ನೋಡಿದಾಗ ನಮಗೆ ಆ ಜಗಲಿಯ ನೆನಪು ಬರುವದು.

ಕ್ಯಾಂಬೆಲ್ ಸಾಹೇಬರು ಬರಹದ ಈ ಮಿತವ್ಯಯವನ್ನೂ ಈ ಕ್ರಮವನ್ನೂ ಮನಸಾರೆ ಮೆಚ್ಚಿಕೊಂಡರು. ಆದರೆ ಶಾಲೆಗಳಿಗೆ ಎರಡು ದೊಡ್ಡ ರೋಗಗಳಿವೆಯೆಂದು ಬರೆದರು. ಮೊದಲನೆಯದು ಪುಸ್ತಕ. ಮಕ್ಕಳು ಓದುತ್ತಿದ್ದ ಕಾವ್ಯ ಪುರಾಣಗಳೆಲ್ಲ ಮನೆಯಲ್ಲಿ ಆಡದ ಹಳೆಯ ಭಾಷೆಯಲ್ಲಿ ಇದ್ದವು. ಅವರು ಪದ್ಯದ ಮೇಲೆ ಪದ್ಯ ಬಾಯಿಗೆ ಹತ್ತಿಸಿಕೊಳ್ಳುವರು. ಅರ್ಥವು ಮಕ್ಕಳಿಗೆ ತಿಳಿಯದು, ಬಹಳ ಕಡೆಗಳಲ್ಲಿ ಅಯ್ಯನಿಗೂ ತಿಳಿಯದು. ಗಿಣಿಯು ಮಾತಾಡಿದಂತೆ ಆಯಿತು. ಎರಡನೆಯ ರೋಗವೇ ಅಯ್ಯನು: ತಕ್ಕ ಕಲಿಕೆಯುಳ್ಳ ಉಪಾಧ್ಯಾಯರು ಸಿಕ್ಕುತ್ತಿರಲಿಲ್ಲ. ಇವುಗಳ ಜೊತೆಗೆ ಬಡತನವೂ ಇತ್ತು. ಇಂಗ್ಲೆಂಡಿನ ಬಟ್ಟೆ ಬಂದುದರಿಂದ ನೇಕಾರರ ಮಗ್ಗಗಳು ನಿಂತವೆಂದೂ, ಹಿಂದಿನ ದೊರೆಗಳ ದಂಡುಗಳು ಹೋದುದರಿಂದ ಧಾನ್ಯದ ಗಿರಾಕಿಯೂ ಹೋಯಿತೆಂದೂ, ತಂದೆತಾಯಿಗಳು ಕೈಕಾಲು ಗಟ್ಟಿಯಾದ ಕೂಡಲೆ ಮಕ್ಕಳನ್ನು ಕೂಲಿಗೆ ಹಚ್ಚುತ್ತಾರೆಂದೂ ಅವರು ಮುಚ್ಚುಮರೆಯಿಲ್ಲದೆ ಬರೆದರು. ಈ ೫೩೩ರಲ್ಲಿ ಒಂದಕ್ಕಾದರೂ ಸರಕಾರದಿಂದ ಸಹಾಯವಿಲ್ಲವೆಂದು ಹೇಳುವದಕ್ಕೆ ತನಗೆ ನಾಚಿಕೆಯಾಗುವದೆಂದೂ ತಿಳಿಸಿದರು. ಕಂಪನಿಯ ನೌಕರನೇ ಕಂಪನಿಯ ತಪ್ಪನ್ನು ಹೀಗೆ ಬರೆದು ಕಳುಹಿಸಿದನು.

ಎಲ್ಲಾ ಜಿಲ್ಲೆಗಳ ವರದಿಗಳು ಕೂಡುವದಕ್ಕೆ ಮೂರು ವರುಷಗಳು ಹಿಡಿದವು. ಮನ್ರೋ ಸಾಹೇಬರು ಅವುಗಳನ್ನೆಲ್ಲ ಇಟ್ಟುಕೊಂಡು ೧೮೨೬ನೇ ಇಸವಿ ಮಾರ್ಚ್ ೧೦ರಲ್ಲಿ ತಮ್ಮ ಎರಡನೆಯ ಟಿಪ್ಪಣಿಯನ್ನು ಬರೆದರು. ಮದರಾಸ್ ಆಧಿಪತ್ಯದಲ್ಲೆಲ್ಲ ಸೇರಿ ೧,೨೮,೫೦,೯೪೧ ಜನ, ೧೨,೪೯೮ ಶಾಲೆಗಳು, ೧,೮೮,೬೫೦ ಮಕ್ಕಳು. ಸಾವಿರ ಜನಕ್ಕೆ ಒಂದು ಶಾಲೆಯಾಯಿತು, ಸುಮಾರು ಅರುವತ್ತೆಂಟು ಮಂದಿಗೆ ಒಬ್ಬ ವಿದ್ಯಾರ್ಥಿ. ನಮ್ಮ ಬಳ್ಳಾರಿಯ ಲೆಕ್ಕವು ಇದರ ಅರ್ಧದಷ್ಟೇ ಎಂಬದನ್ನು ವಾಚಕರು ಕಾಣಬಹುದು. ಐದರಿಂದ ಹತ್ತು ವರುಷದ ಹುಡುಗರಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚಾಗಿ ಶಾಲೆಗೆ ಹೋಗುತ್ತಾರೆಂದೂ, ಮನೆಯಲ್ಲಿ ಕಲಿಯುವವರನ್ನು ಸೇರಿಸಿದರೆ ಮೂರರಲ್ಲಿ ಒಂದು ಪಾಲು ಆಗಬಹುದೆಂದೂ ಅವರು ಎಣಿಸಿದರು. ಇದು ಇಂಗ್ಲೆಂಡಿಗಿಂತ ಕಡಿಮೆಯಾದರೂ ಸ್ವಲ್ಪ ಕಾಲದ ಹಿಂದೆ ಯೂರೋಪಿನ ಬಹಳ ದೇಶಗಳಲ್ಲಿ ಇದ್ದುದಕ್ಕಿಂತ ಹೆಚ್ಚೆಂದು ಒಪ್ಪಿಕೊಂಡರು. ಶಾಲೆಗಳಿಲ್ಲವೆಂಬದು ಅವರ ದೂರಲ್ಲ. ಇರುವ ಶಾಲೆಯಲ್ಲಿ ಕಲಿಕೆಯು ಯಾಕೆ ಮೇಲಕ್ಕೆ ಬರುವದಿಲ್ಲವೆಂಬದೇ ಅವರ ಪ್ರಶ್ನೆ.

ಉತ್ತರವನ್ನು ಅವರು ಅಯ್ಯನ ಗಂಟಿನಲ್ಲಿ ಹುಡುಕಿದರು. ಒಂದೊಂದು ಮಗುವಿನಿಂದ ತಿಂಗಳಿಗೆ ನಾಲ್ಕು, ಆರು, ಹೆಚ್ಚೆಂದರೆ ಎಂಟು ಆಣೆ ಬರುವದು. ಮಕ್ಕಳು ಸ್ವಲ್ಪ ಮಂದಿ. ಒಟ್ಟಿನಲ್ಲಿ ಸಾಮಾನ್ಯ ಉಪಾಧ್ಯಾಯನಿಗೆ ತಿಂಗಳಿಗೆ ಆರು ಏಳು ರೂಪಾಯಿಗಿಂತ ಹೆಚ್ಚು ಸಿಕ್ಕದು. ಇಷ್ಟಕ್ಕೆ ಚೆನ್ನಾಗಿ ಕಲಿತವನು ಈ ಕೆಲಸಕ್ಕೆ ಬರಲಾರನು, ಬಂದವನು ಕಲಿಸಲಾರನು, ಕಲಿಯದ ಮಕ್ಕಳ ತಂದೆತಾಯಿಗಳು ಹೆಚ್ಚು ಹಣ ಕೊಡಲಾರರು. ಎತ್ತು ಬಡವಾದದ್ದರಿಂದ ಹೊಲ ಕೆಟ್ಟಿತು, ಹೊಲ ಕೆಟ್ಟದ್ದರಿಂದ ಎತ್ತಿಗೆ ಮೇವಿಲ್ಲ ಎಂಬಂತೆ ಈ ಗಾಣವು ಸುತ್ತುತ್ತಿತ್ತು. ಇದನ್ನು ಎಲ್ಲಿಯಾದರೂ ಒಂದು ಕಡೆ ಮುರಿಯಬೇಕು. ಅದನ್ನು ಸರಕಾರವೇ ಮಾಡಬೇಕೆಂದು ಅವರು ನಿಶ್ಚಯಿಸಿದರು.

ಆದಕಾರಣ ಮೊದಲು ಮದರಾಸಿನಲ್ಲಿ ಉಪಾಧ್ಯಾಯರನ್ನು ತರಬೇತು ಮಾಡುವ ಶಾಲೆ. ಅದಕ್ಕೂ ಪುಸ್ತಕಗಳಿಗೂ ಶಾಲಾಪುಸ್ತಕ ಸಂಘದ ಕೈಗೆ ತಿಂಗಳಿಗೆ ೭೦೦ ರೂಪಾಯಿ. ಆಮೇಲೆ ಪ್ರತಿ ಕಲೆಕ್ಟರನ ಜಿಲ್ಲೆಗೆ ಎರಡು ದೊಡ್ಡ ಶಾಲೆಗಳು, ಒಂದು ಹಿಂದೂಗಳಿಗೆ, ಒಂದು ಮುಸಲ್ಮಾನರಿಗೆ, ಒಟ್ಟು ನಾಲ್ವತ್ತು. ಇವುಗಳ ಉಪಾಧ್ಯಾಯರಿಗೆ ೧೫ ರೂಪಾಯಿ. ಅದರ ಕೆಳಗೆ ಪ್ರತಿ ತಹಶೀಲಿಗೆ ಒಂದರಂತೆ ೩೦೦ ಶಾಲೆಗಳು. ಇವರಿಗೆ ಸರಕಾರದಿಂದ ೯ ರೂಪಾಯಿ, ಇದಲ್ಲದೆ ಮಕ್ಕಳಿಂದ ಬರುವ ಫೀಸು. ಎರಡೂ ಸೇರಿದರೆ ಒಬ್ಬ ಮನುಷ್ಯನು ಮರ್ಯಾದೆಯಿಂದ ಬಾಳಬಹುದೆಂದು ಅವರ ಲೆಕ್ಕ. ಎಲ್ಲವೂ ಕೂಡಿ ತಿಂಗಳಿಗೆ ೪,೦೦೦, ವರುಷಕ್ಕೆ ೪೮,೦೦೦ ರೂಪಾಯಿ. ಒಂದೇ ಸಾರಿ ಎಲ್ಲವನ್ನೂ ತೆರೆಯಬಾರದು, ಉಪಾಧ್ಯಾಯರು ತಯಾರಾದಂತೆ ಮೆಲ್ಲಗೆ ತೆರೆಯಬೇಕು; ಫಲವು ಬೇಗನೆ ಕಾಣದು, ಆದರೂ ಈ ಖರ್ಚು ದೇಶದ ಏಳಿಗೆಯಿಂದ ತಿರಿಗಿ ಬರುವದು ಎಂದು ಅವರು ಎಚ್ಚರಿಸಿದರು. ಕೆಲಸವನ್ನು ನೋಡಿಕೊಳ್ಳುವದಕ್ಕೆ ಅದೇ ವರುಷ ಒಂದು ವಿದ್ಯಾಮಂಡಲಿಯು ಏರ್ಪಟ್ಟಿತು.

ಕ್ರೈಸ್ತರಾದ ನಾವು ಕೇಳಬಹುದಾದ ಒಂದು ಪ್ರಶ್ನೆಯುಂಟು. ಬಳ್ಳಾರಿಗೆ ೧೮೧೦ರಲ್ಲಿಯೇ ಲಂಡನ್ ಮಿಶನಿನ ಹ್ಯಾಂಡ್ಸ್ ಪಾದ್ರಿಯವರು ಬಂದು ಶಾಲೆಗಳನ್ನು ನಡಿಸುತ್ತಾ ಸತ್ಯವೇದವನ್ನು ಕನ್ನಡಕ್ಕೆ ತಿರಿಗಿಸುತ್ತಾ ಇದ್ದರಲ್ಲವೇ? ಗವರ್ನರರು ಕ್ರೈಸ್ತರಾಗಿದ್ದು ತಮ್ಮ ಶಾಲೆಗಳಲ್ಲಿ ಸುವಾರ್ತೆಯನ್ನು ಯಾಕೆ ಸೇರಿಸಲಿಲ್ಲ? ಇದರಲ್ಲಿ ಅವರ ಮನಸ್ಸು ಸ್ಪಷ್ಟವಾಗಿತ್ತು. ಒಬ್ಬ ಉಪಕಲೆಕ್ಟರನು ತನ್ನ ಅಧಿಕಾರದ ಬಲವನ್ನು ಮತಪ್ರಚಾರಕ್ಕೆ ಉಪಯೋಗಿಸಿದಾಗ ೧೮೨೨ನೇ ಇಸವಿ ನವೆಂಬರಿನಲ್ಲಿ ಅವರು ಅದನ್ನು ಬಲವಾಗಿ ಖಂಡಿಸಿದರು. ಕಂದಾಯ ಎತ್ತುವವನು, ನ್ಯಾಯ ಹೇಳುವವನು ಬೋಧಕನಾಗಿ ಬಂದರೆ ಜನರು ಭಯದಿಂದ ಕೇಳುವರೇ ಹೊರತು ಮನಸ್ಸಿನಿಂದ ಕೇಳುವದಿಲ್ಲವೆಂಬದು ಅವರ ತಿಳುವಳಿಕೆ. ಆ ಕಾಲದ ಮಿಶನರಿಗಳಲ್ಲಿ ಕೆಲವರಿಗೆ ಇದು ಹಿಡಿಸಿರಲಾರದು. ನಾವಾದರೋ ಇದರಲ್ಲಿ ಅವರನ್ನು ದೂರುವದಿಲ್ಲ. ಹೆದರಿಸಿ ಕಲಿಸಿದ ಪಾಠವು, ಯಾವ ಪಾಠವಾದರೂ, ಬೆತ್ತ ಹೋದ ದಿನವೇ ಹೋಗುವದನ್ನು ಕಂಡಿದ್ದೇವೆ.

ಈ ಹೊತ್ತಿಗೆ ಸಾಹೇಬರಿಗೆ ಅರುವತ್ತೈದು ವರುಷ. ೧೮೨೫ರಲ್ಲಿ ಬ್ಯಾರೊನೆಟ್ ಪದವಿಯು ಬಂದಿತ್ತು. ಚಿಕ್ಕ ಮಗನ ಕಾಯಿಲೆಯ ದೆಸೆಯಿಂದ ಹೆಂಡತಿಯು ೧೮೨೬ರಲ್ಲಿ ಮಗುವಿನೊಡನೆ ಸ್ವದೇಶಕ್ಕೆ ಹೋಗಿದ್ದಳು. ತಾವೂ ಹೊರಡುವದಕ್ಕೆ ಮುಂಚೆ ತಾವು ಪ್ರಾಯದಲ್ಲಿ ತಿರುಗಿದ ದತ್ತಮಂಡಲವನ್ನು ಒಂದಾವರ್ತಿ ನೋಡಿಬರಬೇಕೆಂದು ಆಶೆಪಟ್ಟು, ೧೮೨೭ನೇ ಇಸವಿ ಮೇ ತಿಂಗಳ ಕಡೆಯಲ್ಲಿ ಮದರಾಸಿನಿಂದ ಹೊರಟರು. ದಂಡಿನಲ್ಲಿ ವಾಂತಿಭೇದಿಯ ಜಾಡ್ಯ ಕಾಣಿಸಿಕೊಂಡಿತು. ಗುತ್ತಿಯನ್ನು ದಾಟಿ ಪತ್ತಿಕೊಂಡಕ್ಕೆ ಬಂದಾಗ ಅದು ಅವರಿಗೇ ತಗಲಿತು. ಜುಲೈ ೬ನೇ ತಾರೀಖಿನ ಬೆಳಿಗ್ಗೆ ಜಾಡ್ಯ ಹಿಡಿಯಿತು. ಅದೇ ರಾತ್ರಿ ತೀರಿಕೊಂಡರು. ದೇಹವನ್ನು ಗುತ್ತಿಗೆ ತಂದು ಹೂಣಿಟ್ಟರು. ೧೮೩೧ರಲ್ಲಿ ಅದನ್ನು ಮದರಾಸ್ ಕೋಟೆಯ ಸಂತ ಮೇರಿ ದೇವಾಲಯಕ್ಕೆ ಒಯ್ದರು. ಅವರ ನೆನಪಿಗಾಗಿ ಪತ್ತಿಕೊಂಡದಲ್ಲಿ ಒಂದು ತೋಪನ್ನೂ ಬಾವಿಯನ್ನೂ, ಗುತ್ತಿಯಲ್ಲಿ ಒಂದು ಛತ್ರವನ್ನೂ ಕಟ್ಟಿಸಿದರು.

ಅವರ ಶಾಲೆಗಳ ಗತಿ ಏನಾಯಿತೆಂದು ಹೇಳಬೇಕು. ಕಂಪನಿಯ ಡೈರೆಕ್ಟರರು ೧೮೨೮ರಲ್ಲಿ ಯೋಜನೆಗೆ ಒಪ್ಪಿಗೆ ಕೊಟ್ಟರು. ಕೆಲವು ಜಿಲ್ಲೆಗಳಲ್ಲಿ ಶಾಲೆಗಳು ತೆರೆದವು. ೩೦೦ಕ್ಕೆ ಎಂದೂ ಮುಟ್ಟಲಿಲ್ಲ. ಎತ್ತಿ ಹಿಡಿಯುವದಕ್ಕೆ ಮನ್ರೋ ಸಾಹೇಬರಂಥವರು ಇರಲಿಲ್ಲ. ಉಪಾಧ್ಯಾಯರು ಮೊದಲು ತರಬೇತಾಗಬೇಕೆಂಬ ಅವರ ಮುಖ್ಯವಾದ ಮಾತೇ ಹಿಂದೆ ಬಿತ್ತು. ತರಬೇತಿಲ್ಲದವರನ್ನು ನೇಮಿಸಿದರು, ಕಲಿಕೆಗಿಂತ ಪರಿಚಯ ಶಿಫಾರಸುಗಳೇ ಹೆಚ್ಚು ನಡೆದವು. ಒಂಬತ್ತು ರೂಪಾಯಿಗೆ ಒಳ್ಳೆಯವರು ಬರಲಿಲ್ಲ. ಒಮ್ಮೆ ನೇಮಿಸಿದ ಮೇಲೆ ಅಯ್ಯನು ಏನು ಹೇಳುತ್ತಾನೆ, ಮಕ್ಕಳಿಗೆ ಏನು ತಿಳಿಯಿತು ಎಂದು ಹೋಗಿ ನೋಡುವವರು ಇರಲಿಲ್ಲ. ಗುಡಾರ ಹೊರಿಸಿಕೊಂಡು ಊರೂರಿಗೆ ಹೋಗಿ ನೋಡಿದವನ ಯೋಜನೆಯನ್ನು ಹೋಗಿ ನೋಡದವರು ನಡಿಸಿದರು. ಇಷ್ಟರೊಳಗೆ ೧೮೩೦ರಲ್ಲಿ ಡೈರೆಕ್ಟರರ ಮನಸ್ಸೇ ತಿರುಗಿ, ಹಳ್ಳಿಯ ಮಕ್ಕಳಿಗಿಂತ ಮೊದಲು ಮೇಲಿನ ವರ್ಗದವರಿಗೆ ಉನ್ನತ ವಿದ್ಯೆಯನ್ನು ಕೊಡುವದು ಒಳ್ಳೇದೆಂದು ಮದರಾಸಿಗೆ ಬರೆದರು. ೧೮೩೬ರಲ್ಲಿ ಹಳೆಯ ವಿದ್ಯಾಮಂಡಲಿಯನ್ನು ತೆಗೆದುಬಿಟ್ಟು, ಕಲೆಕ್ಟರನ ಶಾಲೆಗಳನ್ನೂ ತಹಶೀಲಿನ ಶಾಲೆಗಳನ್ನೂ ಮುಚ್ಚಿದರು. ನಮ್ಮ ಊರುಗಳಲ್ಲಿ ಅಯ್ಯನು ಮೊದಲಿನಂತೆಯೇ ಜಗಲಿಯ ಮೇಲೆ ಕುಳಿತು, ನಾಲ್ಕಾಣೆಗೆ ಮಗ್ಗಿಯನ್ನೂ ಅರ್ಥ ತಿಳಿಯದ ಪದ್ಯವನ್ನೂ ಹೇಳಿಕೊಡುತ್ತಾ ಹೋದನು.

ಅದಾಗಿ ಮೂರು ವರುಷಗಳಿಗೆ, ೧೮೩೯ರಲ್ಲಿ, ಮದರಾಸಿನ ಜನರು ಹಣ ಕೂಡಿಸಿ ಕುದುರೆಯ ಮೇಲೆ ಕುಳಿತ ಮನ್ರೋ ಸಾಹೇಬರ ಕಂಚಿನ ದೊಡ್ಡ ಪ್ರತಿಮೆಯನ್ನು ದಾರಿಯ ನಡುವೆ ನಿಲ್ಲಿಸಿದರು. ಅದು ಇಂದಿಗೂ ಅಲ್ಲಿಯೇ ಇದೆ.